ಒಂಟಿ ಭೇಟಿ

'ನಿಮ್ಮವರಂತೆ' ಎನ್ನುವುದು ಪೂರ್ತಿ ಸುಳ್ಳಲ್ಲ. ತೊಂದರೆ ಇರುವುದೇ ಅಲ್ಲಿ. 'ನಿಮ್ಮವರೇ' ಎಂದುಬಿಟ್ಟರೆ ಪೂರ್ತಿ ಸುಳ್ಳಾಗುತ್ತದೆ. ಪೂರ್ತಿ ಸುಳ್ಳನ್ನು ಯಾರೂ ಪರೀಕ್ಷಿಸಲು ಹೋಗುವುದಿಲ್ಲ. ಅರ್ಧ ಸುಳ್ಳು ಮಾತ್ರ ಹೀಗೆ, ಗಲ್ಲದ ಮೇಲೆ ಸೋಪಿನ ನೊರೆ ಇರುವಾಗ, ಕನ್ನಡಿಯೊಳಗಿಂದ ಮನುಷ್ಯನನ್ನು ದಿಟ್ಟಿಸುತ್ತದೆ.

ಅವನು ರೇಜರನ್ನು ನಲ್ಲಿಯ ಕೆಳಗೆ ಹಿಡಿದ. ಕರಪತ್ರದ ಕರಡನ್ನು ಕನ್ನಡಿಯ ಅಂಚಿಗೆ ಸಿಕ್ಕಿಸಿಟ್ಟಿದ್ದ. ಚಿತ್ರದಲ್ಲಿ ತಿಳಿನೀಲಿ ಸಮವಸ್ತ್ರದ ಹೆಣ್ಣೊಬ್ಬಳು ಮುದುಕರೊಬ್ಬರ ಕೈ ಹಿಡಿದಿದ್ದಳು. ಮುದುಕರು ನಗುತ್ತಿದ್ದರು. ಹಲ್ಲು ಅವರದಲ್ಲ. ಕೆಳಗೆ ಅವನು ಬರೆದ ಸಾಲು: 'ಮನೆಯಲ್ಲೇ ಆರೈಕೆ, ನಿಮ್ಮವರಂತೆ.'

ಟವೆಲ್ ತೆಗೆದುಕೊಳ್ಳಲು ಬಂದ ಹೆಂಡತಿ ಬಾಗಿಲಲ್ಲೇ ನಿಂತು ಓದಿದಳು.

"ನಿಮ್ಮವರಂತೆ," ಎಂದಳು. "ಹಾಗಂತ ಯಾರು ಹೇಳಿದ್ರಂತೆ?"

ಅವನಿಗೆ ನಗು ಬಂತು. ನಕ್ಕು ತಿರುಗುವಷ್ಟರಲ್ಲಿ ಅವಳು ಹೋಗಿಬಿಟ್ಟಿದ್ದಳು. ಅಡುಗೆಮನೆಯಲ್ಲಿ ಲೋಟ ಇಟ್ಟ ಸದ್ದಾಯಿತು. ಅವರಿಬ್ಬರ ನಡುವೆ ಜಗಳವಿರಲಿಲ್ಲ. ಒಂದೇ ಬಸ್ಸಿಗೆ ಕಾಯುವ ಅಪರಿಚಿತರ ನಡುವೆ ಇರುವಂಥ ಸೌಜನ್ಯವಿತ್ತು. ಬಸ್ಸು ಬರುತ್ತಿರಲಿಲ್ಲ, ಅಷ್ಟೆ.

ಏನೇ ಆಗಲಿ, ಇವತ್ತು ಚಪ್ಪಲಿ ಅಂಗಡಿಯವರ ಮನೆಯವರನ್ನು ಒಪ್ಪಿಸಲೇಬೇಕು ಎಂದು ಅವನು ಮುಖ ಒರೆಸಿಕೊಳ್ಳುತ್ತ ತೀರ್ಮಾನಿಸಿದ. ತೀರ್ಮಾನಿಸಿದ ಮೇಲೆ ಬೆನ್ನು ನೆಟ್ಟಗಾಯಿತು. ತೀರ್ಮಾನದ ಗುಣವೇ ಅದು. ಯಾವುದರ ಬಗ್ಗೆ ಎನ್ನುವುದು ಅದಕ್ಕೆ ಮುಖ್ಯವಲ್ಲ.

ಅವನ ಕಚೇರಿ ಔಷಧಿ ಅಂಗಡಿಯೊಂದರ ಮಹಡಿಯ ಮೇಲಿತ್ತು. ಮೆಟ್ಟಿಲ ಪಕ್ಕದಲ್ಲಿ ಬಾಡಿಗೆಗೆ ಕೊಡುವ ಗಾಲಿಕುರ್ಚಿಗಳನ್ನು ಮಡಿಸಿ ಗೋಡೆಗೆ ಒರಗಿಸಿದ್ದರು. ಒಳಗೆ ನಾಲ್ಕಾರು ಹೆಣ್ಣುಮಕ್ಕಳು ಸಮವಸ್ತ್ರದಲ್ಲಿ ಬೆಂಚಿನ ಮೇಲೆ ಕೂತು, ಯಾರ ಮನೆಗೆ ಕಳಿಸುತ್ತಾರೋ ಎಂದು ಕಾಯುತ್ತಿದ್ದರು. ಸಂಸ್ಥೆಯ ಒಡತಿ, ಎಲ್ಲರಿಗೂ ಮೇಡಂ, ಹಿಂದೆ ಆಸ್ಪತ್ರೆಯಲ್ಲಿ ಮುಖ್ಯ ನರ್ಸ್ ಆಗಿದ್ದವಳು. ಈಗಲೂ ತನ್ನ ಎರಡು ಕೋಣೆಗಳಲ್ಲಿ ವಾರ್ಡಿನ ಸುತ್ತು ಹಾಕುವಂತೆ ನಡೆಯುತ್ತಿದ್ದಳು. ಅವನನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗ ಓದಿದ್ದೇನು ಎಂದು ಕೇಳಿದ್ದಳು. ತತ್ವಶಾಸ್ತ್ರ ಎಂದಿದ್ದ. ಅಂದಿನಿಂದ ಅವನು 'ಕವಿಗಳು'. ತತ್ವಶಾಸ್ತ್ರ, ಕಾವ್ಯ ಎರಡೂ ಅವಳಿಗೆ ಒಂದೇ. ಎರಡರಿಂದಲೂ ಜ್ವರ ಇಳಿಯುವುದಿಲ್ಲ.

"ಕವಿಗಳೇ, ಚಪ್ಪಲಿ ಅಂಗಡಿ ಮನೆ ಏನಾಯ್ತು?"

"ಯೋಚಿಸಿ ಹೇಳ್ತೀವಿ ಅಂದಿದ್ದಾರೆ."

"ಮತ್ತೆ ಅದೇನಾ? ಯೋಚಿಸಿ ಹೇಳ್ತೀವಿ ಅನ್ನೋರು ಯೋಚಿಸಲ್ಲ ಕಣ್ರೀ. ಯೋಚಿಸೋರು ಅಳ್ತಾರೆ. ಮಗಳು ಅತ್ತಳಾ?"

"ಇಲ್ಲ."

"ಹಾಗಾದ್ರೆ ನೀವು ಇನ್ನೂ ಹೊಸ್ತಿಲಲ್ಲೇ ಇದ್ದೀರಿ. ಒಂಟಿ ಭೇಟಿ ಆಯ್ತಾ?"

"ಮನೇಲಿ ಒಬ್ಬರು ಅತ್ತೆ ಇದ್ದಾರೆ. ಒಳಗೆ ಬಿಡಲಿಲ್ಲ."

"ಇವತ್ತು ಬಿಡ್ತಾರೆ. ಸಂಜೆ ರೈಲಿಗೆ ಹೊರಡದೆ ಇದ್ರೆ ಆ ಮಗಳ ನೌಕರಿ ಹೋಗತ್ತೆ. ಇನ್ನು ರಜಾ ಇಲ್ಲ ಅಂತ ಮೇಲಿಂದ ಬಂದಿದೆಯಂತೆ. ಅವಳೇ ಫೋನಲ್ಲಿ ಹೇಳಿದ್ದು." ಮೇಡಂ ಬೆಂಚಿನ ಕಡೆ ನೋಡಿದಳು. "ಸಿಸ್ಟರನ್ನ ತಯಾರಿಟ್ಟಿರ್ತೀನಿ. ನೀವು ಬರೀ ಹೂಂ ಅನ್ನಿಸಿ."

ಒಂಟಿ ಭೇಟಿ ಅವನದೇ ಕಲ್ಪನೆ. ಈ ವ್ಯಾಪಾರದ ಉಳಿದ ಕಟ್ಟಳೆಗಳೆಲ್ಲ ಮೇಡಂ ಮಾಡಿದವು: ರೋಗಿ ಅನ್ನಬಾರದು, ಹಿರಿಯರು ಅನ್ನಬೇಕು, ಮನೆಯಲ್ಲಿ ಜೋರಾಗಿ ಮಾತಾಡುವವರ ಜೊತೆ ವಾದ ಮಾಡದೆ, ಔಷಧಿ ಡಬ್ಬಿ ಯಾರ ಕೈಯಲ್ಲಿದೆ ನೋಡಿ ಅವರ ಜೊತೆ ಮಾತಾಡಬೇಕು, ಮನೆಯವರು ಊರಿಗೆ ಹೊರಡುವ ದಿನ ಅವರ ವಾಹನ ತಿರುವು ದಾಟುವವರೆಗೂ ಅಲ್ಲೇ ಇರಬೇಕು, ಇಲ್ಲದಿದ್ದರೆ ಅರ್ಧ ದಾರಿಯಿಂದ ಮರಳಿ ಬರುತ್ತಾರೆ. ಒಂಟಿ ಭೇಟಿ ಮಾತ್ರ ಅವನ ಕೊಡುಗೆ. ಮನೆಯವರನ್ನೆಲ್ಲ ಹೊರಗೆ ಕಳಿಸಿ, ಬಾಗಿಲು ಮುಚ್ಚಿ, ಹಿರಿಯರ ಜೊತೆ ಸ್ವಲ್ಪ ಹೊತ್ತು ಒಬ್ಬನೇ ಇರುವುದು. ಒಳಗೆ ಏನನ್ನೂ ಮಾಡುವುದಿರಲಿಲ್ಲ. ಅವನು ವೈದ್ಯನಲ್ಲ, ನರ್ಸೂ ಅಲ್ಲ. ಕಿಟಕಿಯ ಹತ್ತಿರ ನಿಂತು ಹೊರಗೆ ನೋಡುತ್ತಿದ್ದ. ಕೆಲಸವೆಲ್ಲ ಬಾಗಿಲ ಹೊರಗೆ ತಾನಾಗಿ ಆಗುತ್ತಿತ್ತು. ಮುಚ್ಚಿದ ಬಾಗಿಲನ್ನು ನೋಡುತ್ತ ಕೂತ ಮನೆಯವರು, ಇವನಿಗೆ ಏನೋ ತಿಳಿಯುತ್ತಿದೆ, ನಮಗೆ ತಿಳಿಯದೇ ಹೋದದ್ದು ತಿಳಿಯುತ್ತಿದೆ ಎಂದುಕೊಳ್ಳುತ್ತಿದ್ದರು. ಅವನು ಬಾಗಿಲು ತೆರೆದಾಗ ಎದ್ದು ನಿಲ್ಲುತ್ತಿದ್ದರು.

ಅದನ್ನು ನೆನೆದಾಗಲೆಲ್ಲ ಅವನಿಗೆ ತನ್ನ ಬುದ್ಧಿವಂತಿಕೆಯ ಬಗ್ಗೆ ನಾಚಿಕೆಯಾಗುತ್ತಿತ್ತು. ಆದರೆ ಹೆಮ್ಮೆಯೂ ನಾಚಿಕೆಯೂ ಒಂದೇ ಜಾಗದಲ್ಲಿ ಬಿಸಿಯಾಗುವುದರಿಂದ ಯಾವುದು ಯಾವುದೆಂದು ಅವನು ಹೆಚ್ಚು ಕೆದಕಿರಲಿಲ್ಲ.

ಮಧ್ಯಾಹ್ನ ಚಪ್ಪಲಿ ಅಂಗಡಿಯವರ ಮನೆಯಲ್ಲಿ ಬಾಗಿಲು ತೆರೆದದ್ದು ಅತ್ತೆ. ಎಂದರೆ, ಕಾಯಿಲೆಯವರ ಅಕ್ಕ; ಆ ಮನೆಯ ಮಗಳಿಗೆ ಸೋದರತ್ತೆ. ಸಣ್ಣ ಆಳು, ದೊಡ್ಡ ಕನ್ನಡಕ.

"ಬಂದೆಯೇನಪ್ಪಾ? ನಿನ್ನ ಚಪ್ಪಲಿ ಸವೆದುಹೋಯ್ತು ನಮ್ಮನೆ ಮೆಟ್ಟಿಲು ಹತ್ತಿ. ತಮ್ಮ ಎದ್ದು ಓಡಾಡೋ ಹಾಗಿದ್ದಿದ್ರೆ ಒಂದು ಜೊತೆ ಮಾರಿರೋನು."

"ನಮಸ್ಕಾರ ಅಮ್ಮ. ಹೇಗಿದ್ದಾರೆ?"

"ಹೇಗಿರ್ತಾನೆ? ಕೂಗಿದ್ರೆ ಕೇಳತ್ತೆ. ಕೇಳಿದ್ರೆ ಹೇಳಲ್ಲ. ಗಂಡಸರು ಎಲ್ಲಾ ಕಡೆ ಹಾಗೇ ಅಲ್ವಾ, ಇವನದು ಡಾಕ್ಟರು ಬರೆದುಕೊಟ್ಟಿದ್ದಾರೆ ಅಷ್ಟೆ."

ಮಗಳು ಒಳಗಿನಿಂದ ಬಂದಳು. ನಲವತ್ತು ದಾಟಿದ ಹೆಣ್ಣು, ಕೂದಲು ಗಟ್ಟಿಯಾಗಿ ಕಟ್ಟಿದ್ದಳು. ದೂರದ ಅಣೆಕಟ್ಟೊಂದರಲ್ಲಿ ನೀರಿನ ಮಟ್ಟ ಅಳೆಯುವ ವಿಭಾಗದಲ್ಲಿ ಇಂಜಿನಿಯರು. ಕೈಯಲ್ಲಿ ಔಷಧಿ ಡಬ್ಬಿಯಿತ್ತು. ಸೋಫಾದ ಹಿಂದೆ ಸೂಟ್‌ಕೇಸು ಬಾಯಿ ತೆರೆದು ಬಿದ್ದಿತ್ತು. ಅರ್ಧ ತುಂಬಿತ್ತು, ಅಥವಾ ಅರ್ಧ ಖಾಲಿ ಮಾಡಿದ್ದಳು. ಮೇಜಿನ ಮೇಲೆ ಮಕ್ಕಳಿಗೆ ಅಕ್ಷರ ಕಲಿಸುವಂಥ ಚಿತ್ರದ ಕಾರ್ಡುಗಳು: ಲೋಟ, ಕೀಲಿಕೈ, ಗಡಿಯಾರ, ಚಪ್ಪಲಿ.

"ದಿನಾ ಬೆಳಿಗ್ಗೆ ಇದೇ ಪಾಠ," ಎಂದಳು ಅತ್ತೆ. "ಜೀವನ ಎಲ್ಲ ಚಪ್ಪಲಿ ಮಾರಿದವನಿಗೆ ಚಪ್ಪಲಿ ತೋರಿಸಿ ಇದೇನು ಹೇಳು ಅಂತಾಳೆ. ನಾನಾಗಿದ್ರೂ ಬಾಯಿ ಬಿಡ್ತಿರಲಿಲ್ಲ."

"ಅತ್ತೆ, ಸುಮ್ನಿರಿ."

"ಸುಮ್ನೇ ಇದ್ದೀನಲ್ಲಮ್ಮ. ಈ ಮನೇಲಿ ಸುಮ್ನಿರೋರ ಕೊರತೆಯಾ?"

ಮಗಳು ಅವನನ್ನು ನೋಡದೆ ಹೇಳಿದಳು: "ಲಕ್ವ ಹೊಡೆದ ಹೊಸತರಲ್ಲಿ, ಒಂದು ಮಾತು ಬಂದ್ರೂ ಸಾಕು, ಉಳಿದದ್ದನ್ನ ನಾನೇ ಕೂತು ಕಲಿಸ್ತೀನಿ, ನೌಕರಿ ಹಾಳಾಗಿ ಹೋಗಲಿ ಅಂತ ಅವರ ಮುಂದೇನೇ ಹೇಳಿದ್ದೆ. ಬರಲಿಲ್ಲ. ಇನ್ನು ಬರಲ್ಲ ಅಂತಾರೆ ಡಾಕ್ಟರು. ಬರಲ್ಲ ಅಂದ್ರೆ ನಾನಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಅಲ್ವಾ? ಹಾಗೆ ಅಂದ್ರೆ ಲೆಕ್ಕ ಸರಿಯಾಗತ್ತೆ. ಆದರೂ..."

"ನಮ್ಮ ಸಿಸ್ಟರು ತುಂಬ ಅನುಭವ ಇರೋರು."

"ಕೂಲಿಗೆ ಅಳೋರು ಇದ್ರು ಅಂತ ಕೇಳಿದ್ದೆ," ಎಂದಳು ಅತ್ತೆ. "ಈಗ ಕೂಲಿಗೆ ನಗೋರೂ ಬಂದ್ರು."

ಅವನು ನಕ್ಕ. ವಾದ ಮಾಡಲಿಲ್ಲ. ಔಷಧಿ ಡಬ್ಬಿಯ ಕಡೆ ತಿರುಗಿ, ಮೆಲ್ಲಗೆ, ಅಭ್ಯಾಸವಾದ ದನಿಯಲ್ಲಿ ಹೇಳಿದ: "ನಾನು ಅವರ ಜೊತೆ ಸ್ವಲ್ಪ ಹೊತ್ತು ಒಬ್ಬನೇ ಇರಬೇಕು. ಬಾಗಿಲು ಹಾಕಿಕೊಂಡು. ಅದಾದ ಮೇಲೇ ನಾವು ಒಪ್ಪೋದು, ನೀವು ಒಪ್ಪೋದು."

ಸಂಸ್ಥೆ ಬೇಡವೆನ್ನಲೂಬಹುದು ಎಂಬ ಸೂಚನೆ ಯಾವಾಗಲೂ ಕೆಲಸ ಮಾಡುತ್ತದೆ. ಮಗಳು ತಂದೆಯ ಕೋಣೆಯ ಬಾಗಿಲು ತೋರಿಸಿದಳು.

ಕೋಣೆ ಚೊಕ್ಕಟವಾಗಿತ್ತು. ಹಾಸಿಗೆಯ ಚಾದರ ಬಿಗಿಯಾಗಿ ಎಳೆದಿತ್ತು. ಒಂದು ಬದಿ ಸೋತ ದೇಹ, ದಿಂಬಿನ ಆಸರೆಯಲ್ಲಿ ಅರ್ಧ ಕೂತಂತೆ ಇತ್ತು. ಮುಖದ ಎಡಭಾಗ ಇವತ್ತಿನದು, ಬಲಭಾಗ ಹಿಂದೆಂದೋ ನಿಂತುಹೋದದ್ದು. ಕಣ್ಣು ಚಾವಣಿಯ ಮೇಲಿತ್ತು.

ಅವನು ಬಾಗಿಲು ಮುಚ್ಚಿದ. "ನಮಸ್ಕಾರ," ಎಂದ. ಕೆಲಸ ಮುಗಿಯಿತು. ಎಂದಿನಂತೆ ಕಿಟಕಿಗೆ ಹೋಗಿ ನಿಂತ.

ಎದುರು ಕಟ್ಟಡದ ಬಾಲ್ಕನಿಯಲ್ಲಿ ಒಬ್ಬಾಕೆ ಒದ್ದೆ ಬಟ್ಟೆ ಕೊಡವುತ್ತಿದ್ದಳು. ಕೊಡವಿದ ಸದ್ದು ಕೈ ಇಳಿದ ಮೇಲೆ ಬಂದು ತಲುಪುತ್ತಿತ್ತು. ಇಂಥ ಕಿಟಕಿಗಳಾಚೆಯ ನೋಟಗಳನ್ನೆಲ್ಲ ಸೇರಿಸಿದರೆ ತನ್ನ ಜೀವನಚರಿತ್ರೆಯಾಗುತ್ತದೆ ಎಂದುಕೊಂಡ. ಎಷ್ಟೋ ಜನರ ಕೊನೆಯ ಕಾಯಿಲೆಗೆ ಬೆನ್ನು ಹಾಕಿ ನಿಂತು ನೋಡಿದ ಬಟ್ಟೆ, ಬೀದಿ, ನೀರಿನ ತೊಟ್ಟಿ.

"ಏನೂ... ನೋಡ್ತಿಲ್ಲ... ನೀನು."

ಮೊದಲು ಆ ದನಿ ಎದುರು ಬಾಲ್ಕನಿಯಿಂದ ಬಂತೆನಿಸಿತು. ತಿರುಗಿದ. ಮುದುಕರ ಕಣ್ಣು ಚಾವಣಿಯಿಂದ ಇಳಿದು ಅವನ ಮೇಲಿತ್ತು. ಎಡಗೈ ಚಾದರದಿಂದ ಎದ್ದು, ಒಂದು ಬೆರಳು ತುಟಿಗೆ ಅಡ್ಡ ಬಂತು.

ಅವನ ಕಾಲು ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟೇಬಿಟ್ಟಿತ್ತು.

"ಕೂಗ... ಬೇಡ." ಒಂದೊಂದು ಮಾತೂ ಬಾವಿಯಿಂದ ಸೇದಿದಂತೆ ಬರುತ್ತಿತ್ತು. ನಡುವೆ ಹಗ್ಗ ಜಾರುತ್ತಿತ್ತು. "ಕೂತ್ಕೋ."

ಅವನು ಕೂತ.

"ನಿಮಗೆ ಮಾತು ಬರತ್ತೆ," ಎಂದ, ಪಿಸುದನಿಯಲ್ಲಿ. ಎಂ.ಎ. ಓದಿದವನ ಮಾತು.

"ಕಂಡು... ಹಿಡಿದೆ," ಎಂದರು ಮುದುಕರು. ಎಡತುಟಿ ಕೊಂಕಿತು.

"ಯಾವಾಗಿಂದ?"

"ಅವಳು... ಸ್ನಾನಕ್ಕೆ ಹೋದಾಗ. ಅಭ್ಯಾಸ. ಗೋಡೆ... ಹತ್ರ."

"ಮಗಳಿಗೆ ಯಾಕೆ ಹೇಳಿಲ್ಲ? ಅವರು ದಿನಾ ಕಾರ್ಡು ಹಿಡಿದು..."

"ಹೇಳಿದ್ರೆ... ಉಳೀತಾಳೆ."

ಹೊರಗೆ ಅತ್ತೆ ಏನೋ ಹೇಳಿದ್ದು, ಮಗಳು ಗದರಿದ್ದು ಕೇಳಿಸಿತು. ಇಬ್ಬರೂ ಕಳ್ಳರಂತೆ ಬಾಗಿಲು ನೋಡಿದರು.

"ಅಲ್ಲಿ... ಅವಳು... ನೆಟ್ಟಗೆ ನಡೀತಾಳೆ," ಎಂದರು ಮುದುಕರು. "ನೋಡಿದ್ದೀನಿ. ಅಣೆಕಟ್ಟೆ ಮೇಲೆ. ಇಲ್ಲಿ... ಬಗ್ಗಿ." ಉಸಿರು ತೆಗೆದುಕೊಂಡರು. ಕತ್ತಿನ ನರ ಉಬ್ಬಿತ್ತು. "ಹೋಗಲಿ. ಹೋಗು ಅನ್ನೋಕೆ... ಬಾಯಿದೆ. ಬಾಯಿದೆ ಅಂತ ಗೊತ್ತಾದ್ರೆ... ಹೋಗಲ್ಲ. ಅದಕ್ಕೆ... ನೀನು."

"ನಾನು?"

"ಮಾರು."

ಅವನಿಗೆ ಅರ್ಥವಾಗಲಿಲ್ಲವೆಂದಲ್ಲ. ಅರ್ಥವಾಗದವನಂತೆ ನೋಡಿದ.

"ಚೆನ್ನಾಗಿ... ಮಾರು. ಹೊಸದು ಕಚ್ಚತ್ತೆ ಅಂದ್ರೆ... ಕಚ್ಚಿದ್ರೇನೇ... ನಿಜವಾದ ಚರ್ಮ... ಅನ್ನು." ಗಂಟಲಿನಲ್ಲಿ ಏನೋ ಗೊರಗೊರ ಎಂದಿತು. ಅದು ನಗು ಎಂದು ಅವನಿಗೆ ತಡವಾಗಿ ತಿಳಿಯಿತು. "ಅಂಗಡೀಲಿ... ಎಲ್ಲರಿಗೂ... ಅದನ್ನೇ..."

ಮಾತು ಅಲ್ಲಿಗೆ ನಿಂತಿತು. ಮುದುಕರು ಕಣ್ಣು ಮುಚ್ಚಿ ಸುಧಾರಿಸಿಕೊಂಡರು. ಹಣೆಯ ಮೇಲೆ ಬೆವರು ಬಂದಿತ್ತು. ಒರೆಸಬೇಕೆಂದು ಅವನಿಗೆ ಅನ್ನಿಸಿತು. ಕೈ ಏಳಲಿಲ್ಲ. ಇನ್ನೊಬ್ಬರ ಹಣೆ ಒರೆಸುವುದರ ಬಗ್ಗೆ ಅವನು ಎಷ್ಟೋ ಸಾಲು ಬರೆದಿದ್ದ.

ಇದು ತ್ಯಾಗವೆಂದು ನಂಬಿಬಿಡುವುದು ಸುಲಭವಿತ್ತು. ಆದರೆ ಅವನ ಮನಸ್ಸು ಸುಲಭವಾದದ್ದನ್ನು ಮೂಸಿ ನೋಡದೆ ಒಪ್ಪುವುದಿಲ್ಲ. ಬೆಳಿಗ್ಗೆ ಬೆಳಿಗ್ಗೆ ಲೋಟ, ಕೀಲಿಕೈ, ಗಡಿಯಾರ. ಬಾಯಿ ತೆರೆಯುತ್ತಾರೋ ಎಂದು ಕಾಯುವ ಒಂದು ಮುಖ. ಇದರಿಂದ ತಪ್ಪಿಸಿಕೊಳ್ಳಲು ಮಗಳನ್ನೇ ಕಳಿಸುತ್ತಿರಬಹುದಲ್ಲ? ಪ್ರೀತಿಯೋ, ಸಾಕಾಗಿಹೋಗಿದ್ದೋ? ಕೇಳಿದರೆ ಹೇಳುತ್ತಿದ್ದರೇನೋ. ಅವನು ಕೇಳಲಿಲ್ಲ. ಬಹಳ ಕಾಲದ ಮೇಲೆ ಒಬ್ಬರು ತನ್ನೊಡನೆ ನಿಜ ಮಾತಾಡಿದ್ದರು. ಅದೂ ಇವನು ಲೆಕ್ಕಕ್ಕಿಲ್ಲದವನು ಎಂಬ ಧೈರ್ಯದಿಂದ. ಆ ಮರ್ಯಾದೆಯನ್ನು ಕೆಡಿಸಿಕೊಳ್ಳಲು ಅವನಿಗೆ ಇಷ್ಟವಿರಲಿಲ್ಲ.

"ಹೇಳಲ್ಲ," ಎಂದ.

ಕಣ್ಣು ತೆರೆಯಲಿಲ್ಲ. ಎಡಗೈ ಮಾತ್ರ ಬಾಗಿಲ ಕಡೆ ಅಲುಗಿತು: ಹೋಗು.

ಬಾಗಿಲು ತೆರೆದಾಗ ಮಗಳು ಎದ್ದು ನಿಂತಳು. ಅತ್ತೆಯೂ.

"ಏನಾದ್ರೂ ಅಂದ್ರಾ?" ಎಂದಳು ಮಗಳು. ತಕ್ಷಣ ತಾನೇ ನಕ್ಕಳು. "ಅಭ್ಯಾಸ. ಯಾರು ಒಳಗಿಂದ ಬಂದ್ರೂ ಕೇಳ್ತೀನಿ. ಹಾಲಿನವನನ್ನೂ ಕೇಳಿದ್ದೀನಿ."

"ಶಾಂತವಾಗಿದ್ದಾರೆ," ಎಂದ ಅವನು. "ಹೊಂದಿಕೊಳ್ತಾರೆ."

"ನೀವು ಇದ್ದಷ್ಟು ಹೊತ್ತೂ ಒಂದು ಸದ್ದಿಲ್ಲ. ಒಳಗೆ ಏನೋ ಆಯ್ತು ಅಂತ ನನಗೆ ಅನ್ನಿಸ್ತಾ ಇತ್ತು."

"ಏನೂ ಇಲ್ಲ. ನೋಡ್ತಾ ಇದ್ದೆ."

ಅವಳು ಕೂತಳು. ಔಷಧಿ ಡಬ್ಬಿಯನ್ನು ಮೊದಲ ಸಲ ಮೇಜಿನ ಮೇಲಿಟ್ಟಳು. "ಒಂದು ಹೇಳ್ಲಾ? ನನಗೆ ಅವರ ಮಾತೆಲ್ಲ ಬೇಡ. ಒಂದೇ ಸಾಕಿತ್ತು. ಹೋಗು ಅಂದಿದ್ರೆ ಸಾಕಿತ್ತು. ಚಿಕ್ಕವಳಿದ್ದಾಗ ಶಾಲೆಗೆ ಹೋಗುವಾಗ, ಕಾಲೇಜಿಗೆ, ಮೊದಲನೇ ಸಲ ಅಣೆಕಟ್ಟಿಗೆ ಹೋಗುವಾಗ, ಎಲ್ಲಾದಕ್ಕೂ ಬಾಗಿಲಲ್ಲಿ ನಿಂತು, ಹೋಗು ಮತ್ತೆ, ಯಾಕೆ ನಿಂತಿದ್ದೀಯ ಅನ್ನೋರು. ಬೈದ ಹಾಗೆ. ಅದನ್ನ ಕೇಳದೆ ನಾನು ಎಲ್ಲಿಗೂ ಹೋಗಿಲ್ಲ."

ಅದು ಅವನ ನಾಲಿಗೆಯ ಮೇಲೇ ಇತ್ತು. ಈಗಷ್ಟೆ ಒಳಗಿನಿಂದ ತಂದ, ಇನ್ನೂ ಬಿಸಿಯಿದ್ದ ಮಾತು. ಕೊಟ್ಟರೆ ಅವಳ ಎದೆ ಹಗುರಾಗುತ್ತದೆ. ಕೊಟ್ಟ ಗಳಿಗೆಯಲ್ಲೇ ಅವಳು ಸೂಟ್‌ಕೇಸು ಖಾಲಿ ಮಾಡುತ್ತಾಳೆ. ಬೇಡಿದ್ದನ್ನು ಕೊಟ್ಟರೆ ಅದಕ್ಕೆ ಬೆಲೆಯೇ ಉಳಿಯದು. ಕೊಡದಿದ್ದರೆ ಮಾತ್ರ ಅದು ಅದರ ಕೆಲಸ ಮಾಡುತ್ತದೆ. ತತ್ವಶಾಸ್ತ್ರದ ತರಗತಿಯಲ್ಲಿ ಇಂಥದ್ದನ್ನು ಕೇಳಿದ್ದರೆ ಚೆನ್ನಾಗಿ ಉತ್ತರಿಸುತ್ತಿದ್ದ.

ಮತ್ತೆ ಮೇಡಂ? ಸಂಜೆಯೊಳಗೆ ಈ ಮನೆ ಅವಳ ಪಟ್ಟಿಗೆ ಸೇರಬೇಕು. ಅವನು ಬಾಯಿ ಮುಚ್ಚಿಕೊಂಡಿರುವುದು ಮುದುಕರಿಗೆ ಕೊಟ್ಟ ಮಾತಿಗಾಗಿಯೋ, ಬೆಂಚಿನ ಮೇಲೆ ಕಾಯುತ್ತಿರುವ ಸಿಸ್ಟರಿಗಾಗಿಯೋ? ಎರಡೂ ಮೌನ ಒಂದೇ ಅಳತೆಯವು. ಹೊರಗಿನಿಂದ ನೋಡಿದವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಒಳಗಿನಿಂದ ನೋಡಿದರೂ ತಿಳಿಯುತ್ತಿಲ್ಲ ಎಂಬುದೇ ಅವನಿಗೆ ಹೊಸದಾಗಿತ್ತು.

"ನಿಮ್ಮ ತಂದೆ ಆಗಿದ್ರೆ ನೀವು ಹೋಗ್ತಿದ್ರಾ?" ಎಂದು ಕೇಳಿದಳು.

"ಹೋಗ್ತಿದ್ದೆ," ಎಂದ. ಯೋಚಿಸಬೇಕಾಗಲಿಲ್ಲ. ಎಲ್ಲರೂ ಕೇಳುವ ಪ್ರಶ್ನೆ, ಉತ್ತರ ಸಿದ್ಧವಿತ್ತು.

"ಬರೋ ಹೆಂಗಸು ಹೇಗೋ ಏನೋ."

"ಮೊದಮೊದಲು ಕಷ್ಟ ಅನ್ನಿಸತ್ತೆ, ಇಬ್ಬರಿಗೂ. ಹೊಸದು ಕಚ್ಚತ್ತೆ." ತಲೆ ಬೇರೆಲ್ಲೋ ಇತ್ತು, ಬಾಯಿ ತನ್ನಷ್ಟಕ್ಕೆ ನಡೆಯಿತು. "ಕಚ್ಚಿದ್ರೇನೇ ನಿಜವಾದ ಚರ್ಮ."

ಮಗಳು ತಲೆಯೆತ್ತಿದಳು.

"ಏನಂದ್ರಿ?"

ಅತ್ತೆಯ ಕನ್ನಡಕವೂ ಅವನ ಕಡೆ ತಿರುಗಿತು.

"ಇದು ಅಪ್ಪನ ಮಾತು," ಎಂದಳು ಮಗಳು. "ಅಪ್ಪ ಅಂಗಡೀಲಿ ಹೇಳ್ತಾ ಇದ್ದದ್ದು. ಬೇರೆ ಯಾರೂ ಹೇಳಿದ್ದು ನಾನು ಕೇಳಿಲ್ಲ. ನಿಮಗೆ ಹೇಗೆ ಗೊತ್ತು?"

ಅವಳ ನೋಟ ಮುಚ್ಚಿದ ಬಾಗಿಲಿಗೆ ಹೋಗಿ ವಾಪಸು ಬಂತು. ಇನ್ನೊಂದು ಗಳಿಗೆ ಬಿಟ್ಟರೆ ಎದ್ದು ಒಳಗೆ ಹೋಗುತ್ತಾಳೆ.

"ಗೊತ್ತಿಲ್ದೆ ಏನು?" ಎಂದ ಅವನು. ತನ್ನ ದನಿ ಎಷ್ಟು ಸಲೀಸಾಗಿ ಬಂತೆಂದು ಅವನಿಗೇ ಭಯವಾಯಿತು. "ಚಿಕ್ಕಂದಿನಲ್ಲಿ ನಾನು ಚಪ್ಪಲಿ ಕೊಂಡಿದ್ದೇ ನಿಮ್ಮ ಅಂಗಡೀಲಿ. ಹಾಕ್ಕೊಂಡ ತಕ್ಷಣ ಕಚ್ಚತ್ತೆ ಅಂತ ಅತ್ತುಬಿಟ್ಟೆ. ಆಗ ನಿಮ್ಮಪ್ಪ ನನಗೆ ಹೇಳಿದ್ದು."

"ನಿಜವಾಗ್ಲೂ?"

"ಕೆಳಗೆ ಕೂತು, ಹೆಬ್ಬೆರಳಿನ ಹತ್ರ ಒತ್ತಿ ನೋಡಿದ್ರು."

"ಹೌದು!" ಅವಳು ಕೈಯಿಂದ ಬಾಯಿ ಮುಚ್ಚಿಕೊಂಡಳು. "ಹಾಗೇ ಒತ್ತೋರು! ಅತ್ತೆ, ಕೇಳಿದ್ರಾ? ಇವರು ನಮ್ಮ ಅಂಗಡಿಗೆ ಬರ್ತಿದ್ರಂತೆ."

ಯಾವ ಅಂಗಡಿಯವನು ಒತ್ತುವುದಿಲ್ಲ? ಅವನು ತಲೆ ತಗ್ಗಿಸಿದ. ಅದು ವಿನಯದಂತೆ ಕಂಡಿತು.

"ಮೊದಲೇ ಹೇಳೋಕೇನಾಗಿತ್ತಪ್ಪ?" ಎಂದಳು ಅತ್ತೆ. ಗೊಣಗಾಟದಲ್ಲಿ ಮುಳ್ಳಿರಲಿಲ್ಲ. "ಯಾರೋ ಬೀದೀಲಿ ಹೋಗೋನು ಅಂತ ಹೊಸ್ತಿಲಲ್ಲೇ ನಿಲ್ಲಿಸಿಬಿಟ್ಟೆ. ಚಹಾ ಮಾಡ್ತೀನಿ ತಡಿ."

ಮಗಳು ಅಳುತ್ತಿದ್ದಳು. ಸದ್ದಿಲ್ಲದೆ, ಬೆನ್ನು ನೆಟ್ಟಗಿಟ್ಟುಕೊಂಡು. ಅತ್ತಳಾ ಎಂದು ಮೇಡಂ ಕೇಳಿದರೆ ಈಗ ಹೂಂ ಎನ್ನಬಹುದಿತ್ತು.

"ಸರಿ," ಎಂದಳು ಮಗಳು, ಮುಖ ಒರೆಸಿಕೊಂಡು. "ನಿಮ್ಮ ಸಿಸ್ಟರನ್ನ ಕರೀರಿ."

ಸಿಸ್ಟರು ಹೊತ್ತಿಗೆ ಸರಿಯಾಗಿ ಬಂದಳು. ದೃಢವಾದ ಕೈಗಳ, ಕಡಿಮೆ ಮಾತಿನ ಹೆಂಗಸು. ಬಂದವಳೇ ಕೈ ತೊಳೆದು, ಅಡುಗೆಮನೆಯಲ್ಲಿ ಯಾವ ಪಾತ್ರೆ ಎಲ್ಲಿದೆ ಎಂದು ಒಂದೇ ಸಲಕ್ಕೆ ನೋಡಿಕೊಂಡಳು. ಅತ್ತೆ ಅವಳ ಹಿಂದೆ ಹಿಂದೆ ತಿರುಗಿ, ತಪ್ಪು ಸಿಗದೆ ದಣಿದು, ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಟ್ಯಾಕ್ಸಿ ಕೆಳಗೆ ಬಂದು ನಿಂತಿತು. ಮಗಳು ತಂದೆಯ ಕೋಣೆಗೆ ಹೋದಳು. ಅವನು ಬಾಗಿಲಲ್ಲಿ ನಿಂತ, ನಿಲ್ಲಬೇಕೆಂಬುದು ಕಟ್ಟಳೆ.

"ಅಪ್ಪ."

ಕಣ್ಣು ಚಾವಣಿಯಲ್ಲಿತ್ತು.

"ಅಪ್ಪ, ನಾನು ಹೋಗ್ಲಾ?"

ಅವಳು ಕಾದಳು. ಬಗ್ಗಿ, ಒಂದು ಕೈ ಮಂಚದ ಸರಳಿನ ಮೇಲಿಟ್ಟು, ಅಳತೆಯ ಕಡ್ಡಿಯ ಮೇಲೆ ನೀರು ಏರುವುದನ್ನು ಕಾಯುವವಳಂತೆ ಕಾದಳು. ಮುದುಕರ ಎಡದವಡೆ ಬಿಗಿದುಕೊಂಡಿತು. ಗಂಟಲಗಂಟು ಮೇಲೆ ಬಂದು ಇಳಿಯಿತು. ಅದನ್ನು ಬಾಗಿಲಲ್ಲಿ ನಿಂತವನು ಮಾತ್ರ ಕಂಡ. ಚಾದರದೊಳಗೆ ಎಡಗೈ ಮುಷ್ಟಿಯಾಗಿದ್ದನ್ನೂ ಕಂಡ. ಇಷ್ಟು ಗಟ್ಟಿ ಮನಸ್ಸನ್ನು ಅವನು ಯಾರಲ್ಲೂ ನೋಡಿರಲಿಲ್ಲ. ಪುಸ್ತಕದಲ್ಲಿ ಓದಿದ್ದ.

ಮಗಳು ನೆಟ್ಟಗಾದಳು. ಚಾದರ ಸರಿಮಾಡಿದಳು. ಹೊರಗೆ ಬಂದಳು.

ಸೂಟ್‌ಕೇಸನ್ನು ಅವನೇ ಇಳಿಸಿದ. ಟ್ಯಾಕ್ಸಿಯೊಳಗೆ ಕೂತು ಅವಳು ಗಾಜು ಇಳಿಸಿದಳು.

"ಏನಾದ್ರೂ ಅಂದ್ರೆ ನನಗೆ ತಿಳಿಸ್ತೀರಾ? ಏನೇ ಆಗಲಿ. ಬರೀ ಸದ್ದಾದ್ರೂ."

"ಖಂಡಿತ."

"ನೀವು ನಮ್ಮೋರೇ ಅಂತ ಹೇಳ್ತಿದ್ದೀನಿ."

ಟ್ಯಾಕ್ಸಿ ತಿರುವು ದಾಟಿತು. ಮರಳಿ ಬರಲಿಲ್ಲ. ಕಟ್ಟಳೆಯ ಪ್ರಕಾರ ಅವನ ದಿನ ಅಲ್ಲಿಗೆ ಮುಗಿಯಿತು, ಮನೆಗೆ ಹೋಗಬಹುದಿತ್ತು. ಮನೆಯಲ್ಲಿ ಹೆಂಡತಿ, 'ಏನಾಯ್ತು?' ಎಂದು ಕೇಳುತ್ತಾಳೆ. 'ಆಯ್ತು' ಎನ್ನುತ್ತಾನೆ. ಪ್ರಶ್ನೆಯಲ್ಲಿದ್ದ ಪದವನ್ನೇ ಉತ್ತರವಾಗಿ ಹಿಂದಿರುಗಿಸಿದರೆ ಸಾಕಾಗುವ ಮನೆ.

ಅವನು ಮತ್ತೆ ಮೆಟ್ಟಿಲು ಹತ್ತಿದ.

ಯಾಕೆಂದು ಹತ್ತುವಾಗ ತಿಳಿದಿರಲಿಲ್ಲ. ಹತ್ತಿದ ಮೇಲೆ ತಿಳಿಯಿತು: ಅವನಿಗೆ ಆ ದನಿಯನ್ನು ಇನ್ನೊಮ್ಮೆ ಕೇಳಬೇಕಾಗಿತ್ತು. ಈಗ ಮುಚ್ಚಿಡಲು ಏನೂ ಇಲ್ಲ. ಒಬ್ಬ ಮನುಷ್ಯ ಗೆದ್ದಿದ್ದಾನೆ. ಗೆದ್ದವನು ಏನು ಹೇಳುತ್ತಾನೆ? ಬೈದರೂ ಸರಿ. ಮಧ್ಯಾಹ್ನ ಕೇಳದೆ ಬಿಟ್ಟ ಪ್ರಶ್ನೆಯನ್ನು ಈಗ ಕೇಳಬೇಕು ಎಂದು ಗಟ್ಟಿಮಾಡಿಕೊಂಡ.

ಸಿಸ್ಟರು ಅಡುಗೆಮನೆಯಲ್ಲಿ ನೀರು ಕಾಯಿಸುತ್ತಿದ್ದಳು. ಅವನು ಕೋಣೆಗೆ ಹೋಗಿ ಬಾಗಿಲು ಮುಚ್ಚಿದ. ಕಿಟಕಿಗೆ ಹೋಗಲಿಲ್ಲ. ಕುರ್ಚಿಯನ್ನು ಮಂಚಕ್ಕೆ ಎಳೆದುಕೊಂಡು ಕೂತ.

"ಹೋದ್ರು," ಎಂದ. "ಟ್ಯಾಕ್ಸಿ ಹೋಯ್ತು. ಇನ್ನು ಮಾತಾಡಬಹುದು ನೀವು."

ಮುದುಕರ ಕಣ್ಣು ಅವನ ಕಡೆ ತಿರುಗಿತು.

"ಯಾರೂ ಇಲ್ಲ. ನಾನೇ."

ಬಾಯಿ ತೆರೆಯಿತು. ಎಡತುಟಿ ಎಳೆದುಕೊಂಡಿತು, ನಾಲಿಗೆ ಮೇಲೆದ್ದಿತು, ಕತ್ತಿನ ನರ ಉಬ್ಬಿತು. ಅವನು ಬಗ್ಗಿ ಕಿವಿ ಕೊಟ್ಟ. ಉಸಿರು ಬಂತು. ಬೆಚ್ಚಗಿತ್ತು, ಔಷಧಿಯ ವಾಸನೆಯಿತ್ತು. ಅದರೊಳಗೆ ಏನೂ ಇರಲಿಲ್ಲ.

"ನಿಧಾನ," ಎಂದ. "ಮಧ್ಯಾಹ್ನ ಅಂದ್ರಲ್ಲ. ಹೋಗಲಿ ಅಂದ್ರಲ್ಲ. ಹಾಗೇ."

ಮತ್ತೆ ಉಸಿರು. ಕಣ್ಣು ಅಗಲವಾಯಿತು. ಅದರಲ್ಲಿ ಗಾಬರಿಯಿತ್ತೋ, ಗಾಬರಿಯಾಗುತ್ತಿದ್ದದ್ದು ತನಗೋ ಎಂದು ಅವನಿಗೆ ತಿಳಿಯಲಿಲ್ಲ. ಹಟವೋ, ನಿಜವೋ? ಮುಚ್ಚಿಟ್ಟು ಮುಚ್ಚಿಟ್ಟು ಒಳಗೇ ಕಳೆದುಹೋಯಿತೋ? ತೋರಿಸುವುದಕ್ಕೆ, ಅಡಗಿಸುವುದಕ್ಕೆ ಒಬ್ಬರಿದ್ದಾಗ ಮಾತ್ರ ಅದು ಇತ್ತೋ? ಅವನು ಮೇಜಿನ ಮೇಲಿಂದ ಟವೆಲ್ ತೆಗೆದುಕೊಂಡು ಆ ಹಣೆಯ ಬೆವರು ಒರೆಸಿದ. ತಾನು ಮಾಡುತ್ತಿರುವುದೇನೆಂದು ತಿಳಿಯುವ ಮೊದಲೇ ಒರೆಸಿ ಮುಗಿದಿತ್ತು. ಬಾಯಿ ಹಾಗೇ ತೆರೆದಿತ್ತು.

ಬಾಗಿಲು ತಳ್ಳಿಕೊಂಡು ಸಿಸ್ಟರು ಬಂದಳು. ಕೈಯಲ್ಲಿ ಬಿಸಿನೀರಿನ ಬೋಗುಣಿ.

"ಅಯ್ಯೋ, ಬಾಯಿ ಒಣಗತ್ತೆ ಅಪ್ಪಾಜಿ," ಎಂದಳು, ಮುದ್ದಿನಿಂದ. ಒದ್ದೆ ಹತ್ತಿಯಿಂದ ತುಟಿ ಒರೆಸಿದಳು. ಆಮೇಲೆ ಎರಡು ಬೆರಳನ್ನು ಗದ್ದದ ಕೆಳಗಿಟ್ಟು, ತುಂಬ ಮೃದುವಾಗಿ, ಪೆಟ್ಟಿಗೆಯೊಂದರ ಮುಚ್ಚಳ ಹಾಕುವಂತೆ, ಆ ಬಾಯಿಯನ್ನು ಮುಚ್ಚಿದಳು. ಒಂದು ಗಳಿಗೆ ಹಾಗೇ ಹಿಡಿದಳು. ಬೆರಳು ತೆಗೆದ ಮೇಲೂ ಅದು ಮುಚ್ಚಿಯೇ ಇತ್ತು. "ಹಾಂ, ಹೀಗೆ," ಎಂದು ನಕ್ಕಳು.

ಅವನ ಜೇಬಿನಲ್ಲಿ ಫೋನು ಅದುರಿತು. ಮಗಳು. ಹಿಂದೆ ರೈಲು ನಿಲ್ದಾಣದ ಗದ್ದಲ.

"ಸಾರಿ, ಹೊರಡೋಕೆ ಮುಂಚೆ ಒಂದ್ಸಲ ಕೇಳೋಣ ಅಂತ. ಏನಾದ್ರೂ ಅಂದ್ರಾ?"

ಅವನು ಮಂಚದ ಕಡೆ ನೋಡಿದ.

"ಇಲ್ಲ," ಎಂದ.

"ಸರಿ. ಹಾಗಾದ್ರೆ ರೈಲು ಹತ್ತುತ್ತೀನಿ."

ಅವಳ ತಂದೆ ಮಧ್ಯಾಹ್ನ ಮಾತಾಡಿದ್ದರು, ಅವಳು ಹೋಗಲಿ ಅಂದಿದ್ದರು. ಅದನ್ನು ಅವನು ಆಗ ಹೇಳಲಿಲ್ಲ. ಆಮೇಲೂ ಹೇಳಲಿಲ್ಲ.